ಕಾಯಂ ನೌಕರಿಯಿಂದ ಗುತ್ತಿಗೆ ಕೆಲಸಕ್ಕೆ ಹೋಗುವವರಿಗೆ ಗೃಹಸಾಲ: ಯಾವುದು ಮೊದಲು, ಯಾವುದು ಆಮೇಲೆ

ಸಾಲದ ಮಂಜೂರಾತಿ ಪತ್ರ ಕೈಗೆ ಬಂದಿದೆ. ಮನೆಗೆ ಮುಂಗಡ ಕೊಟ್ಟಾಗಿದೆ. ಇನ್ನೇನು ಎಲ್ಲ ಮುಗಿಯಿತೆಂದು ಅದೇ ವಾರ ಕಾಯಂ ನೌಕರಿಗೆ ರಾಜೀನಾಮೆಯನ್ನೂ ಕೊಟ್ಟಾಗಿದೆ. ಹಣ ಬಿಡುಗಡೆಗೆ ಎರಡು ದಿನ ಇರುವಾಗ ಬ್ಯಾಂಕಿನವರು ಕಚೇರಿಗೆ ಫೋನ್ ಮಾಡಿ ‘ಇವರು ಈಗಲೂ ನಿಮ್ಮಲ್ಲಿ ಕೆಲಸದಲ್ಲಿದ್ದಾರೆಯೇ?’ ಎಂದು ಕೇಳುತ್ತಾರೆ. ಉತ್ತರ ಕೇಳಿದ ಕೂಡಲೇ ಕಡತ ಮುಚ್ಚುತ್ತದೆ. ಸಾಲವಿಲ್ಲ, ಮುಂಗಡ ಮರಳಿ ಬರುವ ಭರವಸೆಯಿಲ್ಲ, ಹಳೆಯ ನೌಕರಿಯೂ ಇಲ್ಲ.

ಹೀಗೆ ಸಿಕ್ಕಿಬಿದ್ದು ನನ್ನ ಬಳಿ ಬಂದವರಲ್ಲಿ ಆದಾಯ ಸಾಲದೆ ಸೋತವರು ಕಡಿಮೆ. ಅನೇಕರ ಗಳಿಕೆ ಗುತ್ತಿಗೆಗೆ ಹೋದ ಮೇಲೆ ಹೆಚ್ಚೇ ಆಗಿತ್ತು. ಅವರು ಸೋತದ್ದು ಯಾವ ಕೆಲಸವನ್ನು ಮೊದಲು ಮಾಡಬೇಕು ಎಂಬಲ್ಲಿ. ನಿಯಮಗಳು ದೇಶದಿಂದ ದೇಶಕ್ಕೆ, ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತವೆ. ಆದರೆ ಈ ಅನುಕ್ರಮ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಆದ್ದರಿಂದ ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಅನುಸರಿಸಿ. ನಡುವಿನದೊಂದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ.

ಹಂತ 1: ನಿಮ್ಮ ಗುತ್ತಿಗೆ ಯಾವ ಬಗೆಯದು ಎಂದು ಗುರುತಿಸಿ

‘ಗುತ್ತಿಗೆ’ ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಸ್ಥಿತಿಗಳಿವೆ. ಸಾಲ ಕೊಡುವವರು ಒಂದೊಂದನ್ನು ಒಂದೊಂದು ಕಣ್ಣಿನಿಂದ ನೋಡುತ್ತಾರೆ.

ಮೊದಲನೆಯದು ನಿಗದಿತ ಅವಧಿಯ ನೌಕರಿ. ಒಂದೋ ಎರಡೋ ವರ್ಷಕ್ಕೆಂದು ಸಂಸ್ಥೆಯೇ ನೇಮಿಸಿಕೊಂಡು ತಿಂಗಳ ಸಂಬಳ ಕೊಡುತ್ತದೆ; ಸಂಬಳ ಚೀಟಿಯೂ ಸಿಗುತ್ತದೆ. ಎರಡನೆಯದರಲ್ಲಿ ಕೆಲಸ ಒಂದು ಸಂಸ್ಥೆಗೆ, ಸಂಬಳ ಮಾತ್ರ ಏಜೆನ್ಸಿಯಿಂದ. ಮೂರನೆಯದರಲ್ಲಿ ನೀವೇ ಬಿಲ್ ಬರೆದು ಕಳಿಸಿ ಹಣ ಪಡೆಯುತ್ತೀರಿ. ನಾಲ್ಕನೆಯದರಲ್ಲಿ ನಿಮ್ಮದೇ ಕಂಪನಿ ತೆರೆದು ಅದರ ಹೆಸರಿನಲ್ಲಿ ಬಿಲ್ ಮಾಡುತ್ತೀರಿ.

ಮೊದಲ ಎರಡು ಬಗೆಯವರನ್ನು ಸಾಲದಾತರು ಬಹುಮಟ್ಟಿಗೆ ಸಂಬಳದಾರರ ಸಾಲಿನಲ್ಲೇ ಇಡುತ್ತಾರೆ. ಗುತ್ತಿಗೆಯಲ್ಲಿ ಇನ್ನೆಷ್ಟು ತಿಂಗಳು ಉಳಿದಿದೆ, ಹಿಂದೆ ನವೀಕರಣವಾಗಿದೆಯೇ ಎಂದು ಮಾತ್ರ ಹೆಚ್ಚುವರಿಯಾಗಿ ಕೇಳುತ್ತಾರೆ. ಮೂರನೆಯ ಮತ್ತು ನಾಲ್ಕನೆಯ ಬಗೆಯವರು ಅವರ ಪಾಲಿಗೆ ಸ್ವಂತ ವೃತ್ತಿಯವರು. ನಿನ್ನೆಯವರೆಗೆ ಹತ್ತು ವರ್ಷ ಕಾಯಂ ನೌಕರಿ ಮಾಡಿದ್ದರೂ ಸ್ವಂತ ವೃತ್ತಿಯ ದಾಖಲೆ ಇಂದಿನಿಂದಲೇ ಶುರು.

ಇಲ್ಲಿ ಆಗುವ ತಪ್ಪು: ಕೈಗೆ ಹೆಚ್ಚು ಹಣ ಬರುತ್ತದೆಂದು ಯೋಚಿಸದೆ ನಾಲ್ಕನೆಯ ಬಗೆಯನ್ನು ಆರಿಸುವುದು. ವರ್ಷದೊಳಗೆ ಮನೆ ಕೊಳ್ಳುವ ಮನಸ್ಸಿದ್ದರೆ, ಅದೇ ಕೆಲಸವನ್ನು ಏಜೆನ್ಸಿಯ ಸಂಬಳದ ರೂಪದಲ್ಲಿ ಪಡೆಯಲಾದೀತೇ ಎಂದು ಕರಾರಿಗೆ ಸಹಿ ಹಾಕುವ ಮುನ್ನ ಕೇಳಿ. ಕೈಗೆ ಬರುವ ಮೊತ್ತ ತುಸು ಕಡಿಮೆಯಾದರೂ ಸಾಲದ ದಾರಿ ಚಿಕ್ಕದಾಗುತ್ತದೆ.

ಹಂತ 2: ಮೂರು ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ

ರಾಜೀನಾಮೆ ಕೊಡುವ ದಿನ, ಮನೆ ನಿಮ್ಮ ಹೆಸರಿಗೆ ನೋಂದಣಿಯಾಗುವ ದಿನ, ಸಾಲದ ಹಣ ಬಿಡುಗಡೆಯಾಗುವ ದಿನ. ಈ ಮೂರನ್ನು ಬರೆದ ಮೇಲಷ್ಟೇ ಮುಂದಿನ ಮಾತು. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತಕ್ಕೆ ನಿಮಗೆ ಪುರುಸೊತ್ತು ಇದ್ದರೆ, ಅದನ್ನು ಈ ಹಂತಕ್ಕೆ ಕೊಡಿ.

ಮಂಜೂರಾತಿ ಪತ್ರವೆಂದರೆ ಸಾಲವಲ್ಲ. ಅದು ಷರತ್ತುಗಳಿಗೆ ಒಳಪಟ್ಟ ಒಪ್ಪಿಗೆ. ಅದರೊಳಗೆ ಸಣ್ಣ ಅಕ್ಷರದಲ್ಲಿ, ಅರ್ಜಿದಾರರ ಉದ್ಯೋಗ ಅಥವಾ ಆದಾಯದಲ್ಲಿ ಮಹತ್ವದ ಬದಲಾವಣೆಯಾದರೆ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ತಮಗಿದೆ ಎಂಬ ಅರ್ಥದ ವಾಕ್ಯವಿರುತ್ತದೆ. ಅದನ್ನು ಹುಡುಕಿ ಅಡಿಗೆರೆ ಹಾಕಿಕೊಳ್ಳಿ. ಹಣ ಮಾರಾಟಗಾರರ ಖಾತೆಗೆ ಸೇರುವವರೆಗೂ ಆ ವಾಕ್ಯ ಜೀವಂತ. ಅದಕ್ಕೂ ಮೊದಲೇ ರಾಜೀನಾಮೆ ಕೊಡುವುದೆಂದರೆ ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದ ಹಾಗೆ.

ಕಟ್ಟುತ್ತಿರುವ ಮನೆಯಾದರೆ ಅಪಾಯ ಇನ್ನೂ ಉದ್ದ. ಅಡಿಪಾಯಕ್ಕಿಷ್ಟು, ಛಾವಣಿಗಿಷ್ಟು ಎಂದು ಹಣ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ಮೊದಲ ಕಂತು ಬಂದಿತೆಂದು ನೌಕರಿ ಬಿಟ್ಟರೆ ಮೂರನೆಯ ಕಂತಿನ ಹೊತ್ತಿಗೆ ಉದ್ಯೋಗದ ಪ್ರಶ್ನೆ ಮತ್ತೆ ಏಳಬಹುದು. ನಡುವೆ ಉದ್ಯೋಗ ಬದಲಾದರೆ ಉಳಿದ ಕಂತುಗಳಿಗೆ ಯಾವ ಷರತ್ತು ಅನ್ವಯಿಸುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಹಾಗಾದರೆ ನಿಮ್ಮ ಮುಂದೆ ಎರಡು ದಾರಿಗಳಿವೆ. ಗುತ್ತಿಗೆಗೆ ಹೋಗುವುದು ಇನ್ನೂ ಯೋಚನೆಯಾಗಿಯೇ ಉಳಿದಿದ್ದರೆ, ಮನೆಯ ಕೆಲಸವನ್ನು ಪೂರ್ತಿ ಮುಗಿಸಿ, ಆಮೇಲೆ ಆ ಯೋಚನೆಯನ್ನು ಕೈಗೆತ್ತಿಕೊಳ್ಳಿ. ನಿರ್ಧಾರ ಆಗಿಯೇ ಹೋಗಿದ್ದರೆ, ಅಥವಾ ಈಗಾಗಲೇ ನೌಕರಿ ಬಿಟ್ಟಿದ್ದರೆ, ಮನೆಯನ್ನು ಮುಂದಕ್ಕೆ ಹಾಕಿ ಗುತ್ತಿಗೆಯ ದಾಖಲೆ ಕಟ್ಟಿಕೊಳ್ಳಿ. ಎರಡನ್ನೂ ಒಂದೇ ತಿಂಗಳಲ್ಲಿ ಮಾಡಲು ಹೋಗುವುದು ಮೂರನೆಯ ದಾರಿ. ಅದರಲ್ಲಿ ಹೋದವರೇ ಹೆಚ್ಚಾಗಿ ಮುಂಗಡ ಕಳೆದುಕೊಂಡವರು.

ಈಗಾಗಲೇ ಗೃಹಸಾಲ ಇರುವವರಿಗೂ ಒಂದು ಮಾತು. ನಿಮ್ಮ ಸ್ಥಿರ ಬಡ್ಡಿಯ ಅವಧಿ ಮುಗಿಯುವ ಹಂತದಲ್ಲಿದ್ದರೆ, ಅಥವಾ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವ ಇರಾದೆ ಇದ್ದರೆ, ಅದನ್ನು ಕಾಯಂ ನೌಕರಿಯಲ್ಲಿದ್ದಾಗಲೇ ಮುಗಿಸಿ. ವರ್ಗಾವಣೆಯೆಂದರೆ ಹೊಸ ಬ್ಯಾಂಕಿನ ಪಾಲಿಗೆ ಹೊಸ ಅರ್ಜಿಯೇ. ಆದಾಯದ ತನಿಖೆ ಮೊದಲಿನಿಂದ ನಡೆಯುತ್ತದೆ.

ಹಂತ 3: ಗೊತ್ತಿರುವುದನ್ನು ಮುಚ್ಚಿಡಬೇಡಿ

‘ರಾಜೀನಾಮೆ ಕೊಡುವುದು ಮುಂದಿನ ತಿಂಗಳು ತಾನೇ, ಈಗ ಸುಮ್ಮನಿದ್ದು ಅರ್ಜಿ ಹಾಕಿಬಿಡಿ’ ಎಂಬ ಸಲಹೆಯನ್ನು ಹಿತೈಷಿಗಳೇ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ. ಮುಂದಿನ ದಿನಗಳಲ್ಲಿ ನಿಮ್ಮ ಆದಾಯವನ್ನು ಬದಲಿಸುವಂಥ ಸಂಗತಿ ಏನಾದರೂ ತಿಳಿದಿದೆಯೇ ಎಂದು ಅನೇಕ ಅರ್ಜಿ ನಮೂನೆಗಳು ನೇರವಾಗಿ ಕೇಳುತ್ತವೆ. ಹೊಸ ಗುತ್ತಿಗೆಗೆ ಸಹಿ ಹಾಕಿಟ್ಟುಕೊಂಡು ‘ಇಲ್ಲ’ ಎಂದು ಬರೆದರೆ ಅದು ಸುಳ್ಳು ಹೇಳಿಕೆ. ಅದರ ಕೆಳಗೆ ಇರುವುದು ನಿಮ್ಮ ಸಹಿ. ಸಾಲ ಮರಳಿ ಕೇಳುವುದರಿಂದ ಹಿಡಿದು ವಂಚನೆಯ ದೂರಿನವರೆಗೆ ಅದು ಹೋಗಬಹುದು.

ಕಾನೂನನ್ನು ಬದಿಗಿಟ್ಟರೂ ಕಂತು ಕಟ್ಟಬೇಕಾದವರು ನೀವೇ. ಸಂಬಳದ ಲೆಕ್ಕದಲ್ಲಿ ಪಡೆದ ಸಾಲವನ್ನು ಗುತ್ತಿಗೆಯ ಆದಾಯದಲ್ಲಿ ತೀರಿಸಬೇಕು. ಬ್ಯಾಂಕನ್ನು ನಂಬಿಸಿದ ಮಾತ್ರಕ್ಕೆ ಕೆಲಸವಿಲ್ಲದ ತಿಂಗಳು ತುಂಬಿ ಬರುವುದಿಲ್ಲ.

ಹೇಳುವ ರೀತಿಯೊಂದಿದೆ. ‘ನೌಕರಿ ಬಿಡುತ್ತಿದ್ದೇನೆ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಇದೇ ಕ್ಷೇತ್ರದಲ್ಲಿ ಇಷ್ಟು ವರ್ಷದ ಅನುಭವವಿದೆ, ಇದೇ ಬಗೆಯ ಕೆಲಸವನ್ನು ಇಂಥ ದಿನದಿಂದ ಇಷ್ಟು ತಿಂಗಳ ಗುತ್ತಿಗೆಯಲ್ಲಿ ಮಾಡಲಿದ್ದೇನೆ, ಕರಾರು ಇಲ್ಲಿದೆ ಎಂದು ಎಲ್ಲವನ್ನೂ ಒಟ್ಟಿಗೆ ಮುಂದಿಡಿ. ಕೆಲಸದ ಬಗೆ ಬದಲಾಗದೆ ಸಂಬಂಧದ ಸ್ವರೂಪ ಮಾತ್ರ ಬದಲಾದವರನ್ನು ಸಾಲದಾತರು ಹೆಚ್ಚು ಸಲೀಸಾಗಿ ಒಪ್ಪುತ್ತಾರೆ. ಲೆಕ್ಕಪತ್ರ ವಿಭಾಗದಲ್ಲಿದ್ದವರು ಗುತ್ತಿಗೆಯಲ್ಲಿ ಛಾಯಾಗ್ರಹಣ ಶುರುಮಾಡಿದರೆ ಆ ಸಲೀಸು ಇರುವುದಿಲ್ಲ.

ಹಂತ 4: ನಿಮ್ಮ ಆದಾಯವನ್ನು ಸಾಲದಾತರ ಲೆಕ್ಕದಲ್ಲಿ ಎಣಿಸಿ

ಗುತ್ತಿಗೆಯವರು ತಮ್ಮ ಆದಾಯವೆಂದು ಎಣಿಸುವುದು ಒಂದು, ಬ್ಯಾಂಕು ಎಣಿಸುವುದು ಇನ್ನೊಂದು. ಅರ್ಜಿ ಹಾಕುವ ಮೊದಲೇ ಎರಡನೆಯದನ್ನು ತಿಳಿದುಕೊಂಡರೆ ಮನೆಯ ಬೆಲೆಯ ಮಿತಿಯೂ ತಾನಾಗಿಯೇ ತಿಳಿಯುತ್ತದೆ.

ಒಂದು ಉದಾಹರಣೆ. ನಾಣ್ಯ ಯಾವುದಾದರೂ ಆಗಲಿ, ನಿಮ್ಮ ದಿನದ ದರ 1,000 ಎಂದಿಟ್ಟುಕೊಳ್ಳಿ. ವಾರಕ್ಕೆ ಐದು ದಿನ, ವರ್ಷಕ್ಕೆ 52 ವಾರ ಎಂದರೆ 2,60,000. ನಮ್ಮ ಮನಸ್ಸು ಈ ಅಂಕಿಗೇ ಅಂಟಿಕೊಳ್ಳುತ್ತದೆ. ಗುತ್ತಿಗೆಯ ಕರಾರನ್ನೇ ಆದಾಯದ ಆಧಾರವಾಗಿ ಒಪ್ಪುವ ಸಾಲದಾತರು, ಬ್ರಿಟನ್‌ನಲ್ಲಿ ಇದು ಸಾಮಾನ್ಯ ಪದ್ಧತಿ, ರಜೆ ಮತ್ತು ಖಾಲಿ ದಿನಗಳನ್ನು ಕಳೆದು 46 ಅಥವಾ 48 ವಾರಗಳನ್ನಷ್ಟೇ ಹಿಡಿಯುತ್ತಾರೆ. 46 ವಾರವಾದರೆ ಆದಾಯ 2,30,000.

ಇನ್ನೊಂದು ಬಗೆಯ ಸಾಲದಾತರು ಕರಾರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತೆರಿಗೆ ಇಲಾಖೆಗೆ ಸಲ್ಲಿಸಿದ ರಿಟರ್ನ್ಸ್ ಕೇಳುತ್ತಾರೆ. ಅಮೆರಿಕ, ಭಾರತ ಎರಡರಲ್ಲೂ ಸ್ವಂತ ವೃತ್ತಿಯವರಿಗೆ ಹೆಚ್ಚಾಗಿ ಇದೇ ಹಾದಿ, ಸಾಮಾನ್ಯವಾಗಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ದಾಖಲೆ ಬೇಕು. ಇವರು ನೋಡುವುದು ಒಟ್ಟು ಬಿಲ್ಲನ್ನಲ್ಲ, ಖರ್ಚು ಕಳೆದು ಉಳಿದ ಲಾಭವನ್ನು. ಈ ವರ್ಷ ನೀವು 2,20,000 ಬಿಲ್ ಮಾಡಿ 60,000 ಖರ್ಚು ತೋರಿಸಿದ್ದರೆ ಲಾಭ 1,60,000. ಹೋದ ವರ್ಷದ ಲಾಭ 1,20,000 ಆಗಿದ್ದರೆ ಎರಡರ ಸರಾಸರಿ 1,40,000. ಈ ವರ್ಷದ ಲಾಭ ಹಿಂದಿನದಕ್ಕಿಂತ ಇಳಿದಿದ್ದರೆ ಸರಾಸರಿಯನ್ನೂ ಕೈಬಿಟ್ಟು, ಕಡಿಮೆಯ ಅಂಕಿಯನ್ನೇ ಹಿಡಿಯುವುದು ರೂಢಿ.

ಈಗ ಇದನ್ನು ಸಾಲದ ಮೊತ್ತಕ್ಕೆ ತಿರುಗಿಸೋಣ. 8 ಶೇಕಡಾ ಬಡ್ಡಿಯಲ್ಲಿ 20 ವರ್ಷಕ್ಕೆ 1,00,000 ಸಾಲ ಪಡೆದರೆ ತಿಂಗಳ ಕಂತು ಸುಮಾರು 836. ಎಲ್ಲ ಕಂತುಗಳೂ ಸೇರಿ ಆದಾಯದ 40 ಶೇಕಡಾ ಮೀರಬಾರದೆಂಬುದು ಬ್ಯಾಂಕಿನ ನಿಯಮ ಎಂದುಕೊಳ್ಳಿ. ವರ್ಷಕ್ಕೆ 2,30,000 ಎಂದರೆ ತಿಂಗಳಿಗೆ ಸುಮಾರು 19,167. ಅದರ 40 ಶೇಕಡಾ 7,667. ಅಷ್ಟು ಕಂತಿಗೆ ಸುಮಾರು 9,17,000 ಸಾಲ ಸಿಗುತ್ತದೆ. ವರ್ಷಕ್ಕೆ 1,40,000 ಎಂದು ಎಣಿಸುವ ಬ್ಯಾಂಕಿನಲ್ಲಿ ಅದೇ ಲೆಕ್ಕಕ್ಕೆ ಸುಮಾರು 5,58,000. ಮನುಷ್ಯ ಒಬ್ಬನೇ, ಕೆಲಸ ಅದೇ. ಎಣಿಸುವ ಕ್ರಮ ಬೇರೆಯಾದದ್ದಕ್ಕೆ ಇಷ್ಟು ಅಂತರ. ಅರ್ಜಿ ಹಾಕುವ ಮೊದಲು ಬಡ್ಡಿ ದರಕ್ಕಿಂತ ಎಣಿಕೆಯ ಕ್ರಮವನ್ನು ವಿಚಾರಿಸಿ ಎಂದು ನಾನು ಪಟ್ಟುಹಿಡಿದು ಹೇಳುವುದು ಇದಕ್ಕೇ.

ಇಲ್ಲಿ ಆಗುವ ತಪ್ಪು: ತೆರಿಗೆ ಉಳಿಸಲು ಕಾನೂನು ಬಿಟ್ಟಷ್ಟೂ ಖರ್ಚು ತೋರಿಸಿ, ಮರುವರ್ಷ ದೊಡ್ಡ ಸಾಲ ಕೇಳುವುದು. ಖರ್ಚೆಂದು ತೋರಿಸಿದ ಪ್ರತಿ ಮೊತ್ತವೂ ಸಾಲದ ಅರ್ಹತೆಯಿಂದ ಕಳೆದುಹೋಗುತ್ತದೆ. ಮನೆ ಕೊಳ್ಳುವ ಯೋಜನೆ ಇದ್ದರೆ ಅದನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ವರ್ಷದ ಆರಂಭದಲ್ಲೇ ಹೇಳಿ. ರಿಟರ್ನ್ಸ್ ಸಲ್ಲಿಸಿ ಮುಗಿದ ಮೇಲೆ ಹೇಳಿದರೆ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಹಂತ 5: ಕಡತವನ್ನು ಮೊದಲೇ ಜೋಡಿಸಿ

ಬ್ಯಾಂಕು ಕೇಳಿದಾಗ ಒಂದೊಂದೇ ಕಾಗದ ಹುಡುಕಿ ಕೊಡುವವರ ಅರ್ಜಿ ತೆವಳುತ್ತದೆ. ಇವಿಷ್ಟನ್ನು ಒಂದು ಕಡತದಲ್ಲಿ ಇಟ್ಟುಕೊಂಡೇ ಹೋಗಿ: ಈಗಿನ ಗುತ್ತಿಗೆ ಕರಾರು, ಹಿಂದಿನ ಗುತ್ತಿಗೆಗಳು ಮತ್ತು ನವೀಕರಣ ಪತ್ರಗಳು, ಹಳೆಯ ಕಾಯಂ ನೌಕರಿಯ ಕೊನೆಯ ಸಂಬಳ ಚೀಟಿಗಳು ಹಾಗೂ ಬಿಡುಗಡೆ ಪತ್ರ, ತೆರಿಗೆ ರಿಟರ್ನ್ಸ್, ಕನಿಷ್ಠ 6 ತಿಂಗಳ ಬ್ಯಾಂಕ್ ವಿವರ, ಸಾಧ್ಯವಾದರೆ 12 ತಿಂಗಳದ್ದು, ಮುಂಗಡದ ಹಣ ಎಲ್ಲಿಂದ ಬಂತು ಎಂಬುದಕ್ಕೆ ಪುರಾವೆ, ಮತ್ತು ದಿನಾಂಕಗಳಲ್ಲಿ ಅಂತರವಿಲ್ಲದ ಸ್ವವಿವರ ಪತ್ರ.

ಇವುಗಳಲ್ಲಿ ಕರಾರು ಮುಖ್ಯ. ಅದನ್ನು ಓದುವವರು ನಾಲ್ಕು ಸಂಗತಿ ಹುಡುಕುತ್ತಾರೆ: ಶುರುವಾಗುವ ಮತ್ತು ಮುಗಿಯುವ ದಿನ, ದರ, ಎರಡೂ ಕಡೆಯವರು ಕೊಡಬೇಕಾದ ನೋಟಿಸ್ ಅವಧಿ, ನವೀಕರಣದ ಪ್ರಸ್ತಾಪ. ನೋಟಿಸ್ ಒಂದೇ ವಾರ ಎಂದಿದ್ದರೆ ಹನ್ನೆರಡು ತಿಂಗಳ ಗುತ್ತಿಗೆಯೂ ಅವರ ಕಣ್ಣಿಗೆ ಒಂದು ವಾರದ್ದೇ. ಸಹಿ ಹಾಕುವ ಮೊದಲು ಅದನ್ನು ನಾಲ್ಕು ವಾರಕ್ಕೆ ಏರಿಸಿಕೊಡಿ ಎಂದು ಕೇಳಿ ನೋಡಿ. ದರವನ್ನು ಏರಿಸಲೊಪ್ಪದ ಸಂಸ್ಥೆಗಳೂ ಇದಕ್ಕೆ ಒಪ್ಪುವುದುಂಟು.

ಇನ್ನೊಂದು ಮುಖ್ಯ ಸಂಗತಿ ಹೊಂದಾಣಿಕೆ. ಕರಾರಿನಲ್ಲಿರುವ ದರ, ಬಿಲ್ಲಿನಲ್ಲಿರುವ ಮೊತ್ತ, ಖಾತೆಗೆ ಬಂದ ಹಣ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಮೂಲದಲ್ಲೇ ತೆರಿಗೆ ಕಡಿತವಾಗಿದ್ದರೆ ಬಿಲ್ಲಿಗೂ ಜಮೆಗೂ ವ್ಯತ್ಯಾಸ ಕಾಣುತ್ತದೆ; ಆ ಕಡಿತದ ಪ್ರಮಾಣಪತ್ರವನ್ನು ಬಿಲ್ಲಿನ ಹಿಂದೆಯೇ ಲಗತ್ತಿಸಿ. ವಿವರಣೆ ಇಲ್ಲದ ಪ್ರತಿ ವ್ಯತ್ಯಾಸವೂ ಒಂದು ಪ್ರಶ್ನೆಯಾಗಿ, ಪ್ರತಿ ಪ್ರಶ್ನೆಯೂ ಒಂದಿಷ್ಟು ದಿನಗಳಾಗಿ ನಿಮ್ಮ ಬಳಿಗೆ ಮರಳುತ್ತದೆ.

ಹಂತ 6: ಗುತ್ತಿಗೆಯ ಹಣಕ್ಕೆ ಬೇರೆ ಖಾತೆ

ಗುತ್ತಿಗೆಯ ಮೊದಲ ದಿನದಿಂದಲೇ ಪ್ರತ್ಯೇಕ ಖಾತೆ ತೆರೆಯಿರಿ. ಎಲ್ಲ ಬಿಲ್ಲುಗಳ ಹಣ ಅದಕ್ಕೇ ಬರಲಿ. ಅಲ್ಲಿಂದ ಪ್ರತಿ ತಿಂಗಳು ಒಂದೇ ದಿನಾಂಕದಂದು ಒಂದೇ ಮೊತ್ತ ಮನೆಖರ್ಚಿನ ಖಾತೆಗೆ ಹೋಗಲಿ. ತೆರಿಗೆಗೆಂದು ತೆಗೆದಿಡುವ ಪಾಲು ಮೂರನೆಯ ಖಾತೆಯಲ್ಲಿರಲಿ. ಬ್ಯಾಂಕಿನ ಅಧಿಕಾರಿ ಹಾಳೆ ತಿರುವಿದಾಗ ಶಿಸ್ತು ಕಣ್ಣಿಗೆ ಬೀಳುತ್ತದೆ. ತೆರಿಗೆ ಪಾವತಿಯ ದಿನ ನಿಮಗೂ ಗಾಬರಿಯಿರುವುದಿಲ್ಲ.

ಎರಡು ಗುತ್ತಿಗೆಗಳ ನಡುವಿನ ಬಿಡುವಿನ ಬಗ್ಗೆ ಎಚ್ಚರ. ನಾಲ್ಕಾರು ವಾರಗಳ ಬಿಡುವನ್ನು ಸಾಮಾನ್ಯವಾಗಿ ಕ್ಷಮಿಸುತ್ತಾರೆ. ಅದಕ್ಕಿಂತ ಉದ್ದವಾದದ್ದಕ್ಕೆ ಕಾರಣ ಬೇಕು: ತರಬೇತಿ, ಆರೋಗ್ಯ, ಮಗುವಿನ ಆರೈಕೆ, ಏನಿದ್ದರೂ ಅದರ ಒಂದು ಸಾಲಿನ ವಿವರಣೆ ಮತ್ತು ದಾಖಲೆ ಕಡತದಲ್ಲಿರಲಿ.

ಹಂತ 7: ಸಣ್ಣ ಸಾಲಗಳನ್ನು ತೀರಿಸಿ, ಕ್ರೆಡಿಟ್ ವರದಿ ತರಿಸಿ ನೋಡಿ

ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ತಿಂಗಳಿಗೆ 1,000 ಕಟ್ಟುವ ವಾಹನ ಸಾಲವೊಂದು ನಿಮ್ಮ ಗೃಹಸಾಲದಿಂದ ಸುಮಾರು 1,20,000ವನ್ನು ಕಿತ್ತುಕೊಳ್ಳುತ್ತದೆ. ಆ ವಾಹನ ಸಾಲದಲ್ಲಿ ಬಾಕಿ ಇರುವುದು 10,000 ಆಗಿದ್ದರೂ ಅಷ್ಟೇ, ಏಕೆಂದರೆ ಹೆಚ್ಚಿನ ಸಾಲದಾತರು ನೋಡುವುದು ಕಂತನ್ನು. ಆದ್ದರಿಂದ ಬಾಕಿ ಚಿಕ್ಕದು, ಕಂತು ದೊಡ್ಡದು ಇರುವ ಸಾಲವನ್ನು ಮೊದಲು ಮುಗಿಸಿ, ತೀರುವಳಿ ಪತ್ರ ಪಡೆಯಿರಿ.

ಕ್ರೆಡಿಟ್ ವರದಿಯನ್ನು ಅರ್ಜಿಗೆ ಮೂರು ತಿಂಗಳ ಮೊದಲೇ ತರಿಸಿಕೊಳ್ಳಿ. ಎಂದೋ ಮುಗಿಸಿದ ಸಾಲ ಇನ್ನೂ ಬಾಕಿ ಎಂದೇ ನಮೂದಾಗಿದ್ದರೆ, ತಿದ್ದುಪಡಿಗೆ ವಾರಗಳು ಬೇಕು. ಗುತ್ತಿಗೆಯ ಹುಮ್ಮಸ್ಸಿನಲ್ಲಿ ಹೊಸ ಕ್ರೆಡಿಟ್ ಕಾರ್ಡ್, ಕಂತಿನ ಮೇಲೆ ಮೊಬೈಲ್ ಯಾವುದೂ ಈ ಅವಧಿಯಲ್ಲಿ ಬೇಡ.

ಹಂತ 8: ಅರ್ಜಿ ಹಾಕುವ ಮುನ್ನ ಪ್ರಶ್ನೆ ಕೇಳಿ

ಶಾಖೆಗೆ ಹೋಗಿ ‘ನನಗೆ ಸಾಲ ಸಿಗುತ್ತದೆಯೇ?’ ಎಂದು ಕೇಳಿದರೆ ‘ಅರ್ಜಿ ಹಾಕಿ, ನೋಡೋಣ’ ಎಂಬ ಉತ್ತರ ಬರುತ್ತದೆ. ಅದರಿಂದ ಉಪಯೋಗವಿಲ್ಲ. ಹೀಗೆ ಕೇಳಿ: ಗುತ್ತಿಗೆಯವರ ಆದಾಯವನ್ನು ಕರಾರಿನ ಮೇಲೆ ಎಣಿಸುತ್ತೀರೋ ರಿಟರ್ನ್ಸ್ ಮೇಲೋ? ಎಷ್ಟು ತಿಂಗಳ ಗುತ್ತಿಗೆ ಅನುಭವ ಬೇಕು? ಹಿಂದಿನ ಕಾಯಂ ನೌಕರಿಯ ವರ್ಷಗಳನ್ನು ಪರಿಗಣಿಸುತ್ತೀರಾ? ಅರ್ಜಿಯ ದಿನ ಗುತ್ತಿಗೆಯಲ್ಲಿ ಎಷ್ಟು ಅವಧಿ ಉಳಿದಿರಬೇಕು? ನನ್ನ ಕೈಯಿಂದ ಹಾಕುವ ಪಾಲು ಸಂಬಳದಾರರಿಗಿಂತ ಹೆಚ್ಚಿರಬೇಕೇ?

ಈ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಕೊಟ್ಟ ಒಂದು ಕಡೆ, ಹೆಚ್ಚೆಂದರೆ ಎರಡು ಕಡೆ, ಅರ್ಜಿ ಹಾಕಿ. ಒಂದೇ ವಾರದಲ್ಲಿ ಆರು ಕಡೆ ಅರ್ಜಿ ಗುಜರಾಯಿಸಿದರೆ ಆರು ವಿಚಾರಣೆಗಳೂ ಕ್ರೆಡಿಟ್ ವರದಿಯಲ್ಲಿ ದಾಖಲಾಗಬಹುದು. ಏಳನೆಯವರು ಅದನ್ನು ನೋಡಿಯೇ ಹಿಂಜರಿಯುತ್ತಾರೆ. ಗುತ್ತಿಗೆಯವರ ಕಡತಗಳನ್ನು ನಿಭಾಯಿಸಿ ಪಳಗಿದ ಮಧ್ಯವರ್ತಿ ಸಿಕ್ಕರೆ ಅವರ ಶುಲ್ಕ ದಂಡವಲ್ಲ. ಕಾಯಂ ಆದಾಯವಿರುವ ಸಂಗಾತಿಯನ್ನು ಸಹ ಅರ್ಜಿದಾರರನ್ನಾಗಿ ಸೇರಿಸಿಕೊಂಡರೆ ಅರ್ಹತೆ ಏರುತ್ತದೆ. ಆದರೆ ಸಾಲದ ಪೂರ್ಣ ಹೊಣೆ ಅವರ ಮೇಲೂ ಬೀಳುತ್ತದೆ ಎಂಬುದನ್ನು ಇಬ್ಬರೂ ಕುಳಿತು ಮಾತಾಡಿದ ಮೇಲೆ ಸಹಿ ಹಾಕಲಿ.

ಎಚ್ಚರಿಕೆಯ ಗುರುತುಗಳು: ‘ಸಂಬಳ ಚೀಟಿ ನಾವೇ ಮಾಡಿಸಿಕೊಡುತ್ತೇವೆ’ ಎನ್ನುವವರು, ಕಡತ ನೋಡುವ ಮೊದಲೇ ಸಾಲ ಖಚಿತ ಎನ್ನುವವರು, ರಸೀದಿಯಿಲ್ಲದೆ ಮುಂಗಡ ಶುಲ್ಕ ಕೇಳುವವರು, ಖಾಲಿ ನಮೂನೆಗೆ ಸಹಿ ಹಾಕಿಸುವವರು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಂದ ಎದ್ದು ಬನ್ನಿ.

ಹಂತ 9: ಅರ್ಜಿಯಿಂದ ಹಣ ಬಿಡುಗಡೆಯವರೆಗೆ

ಈ ಅವಧಿಯಲ್ಲಿ ಗುತ್ತಿಗೆ ಬದಲಿಸಬೇಡಿ, ಹೊಸ ಸಾಲ ಮಾಡಬೇಡಿ, ಮೂಲ ತಿಳಿಯದ ದೊಡ್ಡ ಮೊತ್ತ ಖಾತೆಗೆ ಬರದಂತೆ ನೋಡಿಕೊಳ್ಳಿ. ಈಗಿನ ಗುತ್ತಿಗೆ ನಡುವೆಯೇ ಮುಗಿಯುವಂತಿದ್ದರೆ, ನವೀಕರಣ ಪತ್ರವನ್ನು ಮೊದಲು ಪಡೆದು ಆಮೇಲೆ ಅರ್ಜಿ ಹಾಕಿ. ಮನೆಯ ಒಪ್ಪಂದ ಪತ್ರದಲ್ಲಿ, ಸಾಲ ದೊರೆಯದಿದ್ದರೆ ಮುಂಗಡವನ್ನು ಮರಳಿಸಬೇಕು ಎಂಬ ಷರತ್ತನ್ನು ಸೇರಿಸುವಂತೆ ವಕೀಲರಿಗೆ ಹೇಳಿ. ಮಾರಾಟಗಾರರು ಪೂರ್ತಿ ಒಪ್ಪದಿದ್ದರೂ ಒಂದು ಭಾಗಕ್ಕಾದರೂ ಒಪ್ಪಿಸಿ. ಮೊದಲಲ್ಲಿ ಹೇಳಿದಂತೆ ಕೈಸುಟ್ಟುಕೊಂಡವರ ಪತ್ರಗಳಲ್ಲಿ ನಾನು ಹುಡುಕಿ ಹುಡುಕಿ ಕಾಣದೆ ಹೋದದ್ದು ಈ ಒಂದು ಸಾಲು.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ‘ಅನುಭವದ ಅವಧಿ ಸಾಲದು’ ಎಂದಿದ್ದರೆ ಕಾಯುವುದೇ ಮದ್ದು. ‘ಆದಾಯ ಸಾಲದು’ ಎಂದಿದ್ದರೆ ಎಣಿಕೆಯ ಕ್ರಮ ಬೇರೆಯಿರುವ ಬ್ಯಾಂಕನ್ನು ಹುಡುಕಿ. ಕಾರಣ ತಿಳಿಯದೆ ಮರುವಾರವೇ ಮತ್ತೊಂದು ಕಡೆ ಅರ್ಜಿ ಹಾಕಬೇಡಿ.

ಹಂತ 10: ಸಾಲ ಬಂದ ಮೇಲೆ

ಕನಿಷ್ಠ ಆರು ತಿಂಗಳ ಕಂತಿನಷ್ಟು ಹಣವನ್ನು ತಕ್ಷಣ ತೆಗೆಯಬಹುದಾದ ಖಾತೆಯಲ್ಲಿ ಇಡಿ. ಇದಕ್ಕೆಂದು ಮನೆಗೆ ಹಾಕುವ ಪಾಲು ಸ್ವಲ್ಪ ಕಡಿಮೆಯಾದರೂ, ಅಥವಾ ಮನೆಯೇ ಒಂದು ಕೋಣೆ ಚಿಕ್ಕದಾದರೂ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬದಲಾಗುವ ಬಡ್ಡಿಯ ಸಾಲವಾದರೆ ಇನ್ನೊಂದು ಲೆಕ್ಕವನ್ನೂ ಮಾಡಿಡಿ: ದರ 8ರಿಂದ 10 ಶೇಕಡಾಕ್ಕೆ ಏರಿದರೆ, 20 ವರ್ಷದ ಸಾಲದಲ್ಲಿ ಪ್ರತಿ 1,00,000ಕ್ಕೆ ಕಂತು 836ರಿಂದ 965ಕ್ಕೆ ಹೋಗುತ್ತದೆ. ಕೆಲಸವಿಲ್ಲದ ತಿಂಗಳಲ್ಲೇ ಈ ಏರಿಕೆಯೂ ಬಂದರೆ ತಡೆಯಬಲ್ಲಿರಾ ಎಂದು ಮನೆಯವರೊಡನೆ ಕುಳಿತು ನೋಡಿ.

ಗುತ್ತಿಗೆ ಮುಗಿದು ಮುಂದಿನದು ಸಿಗುವ ಸೂಚನೆ ಇಲ್ಲದಿದ್ದರೆ, ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ. ಕಂತಿನ ಅವಧಿ ವಿಸ್ತರಿಸುವುದು, ಕೆಲವು ತಿಂಗಳು ಬಡ್ಡಿಯನ್ನಷ್ಟೇ ಕಟ್ಟುವುದು ಮುಂತಾದ ಅವಕಾಶಗಳು ಖಾತೆ ಸರಿಯಿರುವಾಗ ಕೇಳಿದವರಿಗೆ ಸುಲಭವಾಗಿ ಸಿಗುತ್ತವೆ. ಎರಡು ಕಂತು ತಪ್ಪಿದ ಮೇಲೆ ಅದೇ ಅಧಿಕಾರಿಯ ಮುಂದೆ ಕುಳಿತರೆ, ನಿಮ್ಮ ಕಡತ ಆಗಲೇ ಬೇರೆ ಮೇಜಿಗೆ ಹೋಗಿರುತ್ತದೆ.